ಅಪ್‌ಡೇಟ್: ವಾಕಿಟಾಕಿಯ ಸ್ಪೀಕರ್ ಮೈಕ್ ಸರಿಯಾಯ್ತು, ತಪ್ಪು ಮೈಕ್‌ದಲ್ಲ

ಹೋದ ವಾರ ಕೇಳಿದ್ದೆ ಅಲ್ವಾ, ಭುಜಕ್ಕೆ ಸಿಕ್ಕಿಸಿಕೊಳ್ಳುವ ಸ್ಪೀಕರ್ ಮೈಕ್ ಹಾಕಿದರೆ ಮಾತಾಡುವ ಬಟನ್ ಒತ್ತದಿದ್ದರೂ ರೇಡಿಯೋ ತಾನೇ ಟ್ರಾನ್ಸ್‌ಮಿಟ್ ಆಗುತ್ತೆ, ಮಾತಾಡಿದರೆ ದನಿ ಗವಿಯೊಳಗಿಂದ ಬಂದ ಹಾಗೆ ಕೇಳುತ್ತೆ ಅಂತ. ಎರಡಕ್ಕೂ ಕಾರಣ ಸಿಕ್ಕಿತು.

ಮೊದಲನೆಯದು ಪ್ಲಗ್. ನನ್ನದು ಎರಡು ಪಿನ್ ಇರುವ, ಕೆನ್‌ವುಡ್ ಕಂಪನಿಯ ರೇಡಿಯೋಗಳಲ್ಲಿರುವ ಮಾದರಿಯದ್ದು, ಒಂದು 3.5 ಮಿ.ಮೀ., ಇನ್ನೊಂದು 2.5 ಮಿ.ಮೀ. ನಾನು ರೇಡಿಯೋಗೆ ರಬ್ಬರ್ ಕವರ್ ಹಾಕಿದ್ದೆ, ಅದರ ಅಂಚು ಅಡ್ಡ ಬಂದು ಪ್ಲಗ್ ಒಂದು ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತಿತ್ತು, ಅಷ್ಟಕ್ಕೇ ಒಳಗಿನ ಸಂಪರ್ಕ ತಪ್ಪಿ ಬಟನ್ ಒತ್ತಿದ ಹಾಗೆ ಆಗುತ್ತಿತ್ತು. ಕವರ್ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸಿದೆ. ಟಕ್ ಅಂತ ಕೂತಿತು! ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ, ಬಟ್ಟೆ ಕಪ್ಪಾಯ್ತು.

ದನಿಯ ವಿಷಯ ಸ್ವಲ್ಪ ನಾಚಿಕೆಯದ್ದು. ನಾನು ಇಷ್ಟು ದಿನ ಸ್ಪೀಕರ್ ಜಾಲರಿಗೆ ಬಾಯಿಟ್ಟು ಮಾತಾಡುತ್ತಿದ್ದೆ. ಮೈಕಿನ ತೂತು ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಇದೆ, ಅದರಲ್ಲೂ ಧೂಳು ಮೆತ್ತಿತ್ತು. ಮೆತ್ತನೆ ಬ್ರಷ್‌ನಿಂದ ತೆಗೆದೆ. ಆ ತೂತಿಗೆ ಗುಂಡುಸೂಜಿ ಮಾತ್ರ ಚುಚ್ಚಬೇಡಿ, ಒಳಗಿನ ಮೈಕೇ ಹಾಳಾಗುತ್ತೆ. ಈಗ ನಾಲ್ಕೈದು ಸೆಂ.ಮೀ. ದೂರ ಹಿಡಿದು, ಬಟನ್ ಒತ್ತಿ ಹಿಡಿದು ಅರೆಕ್ಷಣ ತಡೆದು, ಮಾಮೂಲಿ ದನಿಯಲ್ಲೇ ಮಾತಾಡುತ್ತೇನೆ. ಆ ಕಡೆಯವರಿಗೆ ಮೊದಲ ಪದವೂ ಕೇಳುತ್ತಿದೆ.

ಸುರುಳಿ ವೈರ್ ಹಿಡಿದು ರೇಡಿಯೋ ಎತ್ತುವ ಚಟ ಇನ್ನೂ ಹೋಗಿಲ್ಲ, ಪ್ಲಗ್ ಬುಡದಲ್ಲಿ ಸಣ್ಣ ಬಿರುಕು ಆಗಲೇ ಕಾಣಿಸುತ್ತಿದೆ.