‘ಎಂಜಿನ್ ಕೈಯಾಡಿಸುವುದು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹಳೇ ಎಂಜಿನ್ ಪೂರ್ತಿ ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸುವ ಇಡೀ ಕೆಲಸಕ್ಕೆ ನನಗೊಂದು ಕನ್ನಡ ಪದ ಬೇಕಾಗಿದೆ. ಹಿನ್ನೆಲೆ ಸ್ವಲ್ಪ ಉದ್ದ ಇದೆ. ಅದನ್ನು ಹೇಳದೆ ಕೇಳಿದರೆ ‘ದುರಸ್ತಿ’ ಎಂಬ ಒಂದೇ ಮಾತಿನ ಉತ್ತರ ಬರುತ್ತದೆ. ಅದು ಸಾಲದು.

ಮೂಡಿಗೆರೆ ಕಡೆ ನಮ್ಮ ದೊಡ್ಡಪ್ಪನ ಮನೆಯಲ್ಲಿ 1962ರ ಒಂದು ಲಾರಿ ಇದೆ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ 1954ರಿಂದ ಜಮ್ಶೆಡ್‌ಪುರದಲ್ಲಿ ಮಾಡುತ್ತಿದ್ದ ಲಾರಿ. ಮೂತಿಯ ಮೇಲೆ ಬೆಂಜಿನ ನಕ್ಷತ್ರ. ಆ ಒಪ್ಪಂದ 1969ಕ್ಕೆ ಮುಗಿದು ನಕ್ಷತ್ರ ಹೋಯಿತು. ನಮ್ಮ ಮನೆಯಲ್ಲಿ ಮಾತ್ರ ಆಮೇಲೆ ಬಂದ ಟಾಟಾ ಲಾರಿಗೂ ‘ಬೆಂಜ್’ ಅಂತಲೇ ಹೆಸರು. ಈ ಲಾರಿ ಚಾರ್ಮಾಡಿ ಇಳಿಯುವಾಗ ಕಾಫಿ ಮೂಟೆ, ಹತ್ತುವಾಗ ಮಂಗಳೂರು ಹೆಂಚು ಹೊರುತ್ತಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಕೊಟ್ಟಿಗೆ ಪಕ್ಕ ನಿಂತೇ ಇತ್ತು. ಈಗ ಅಣ್ಣ ಅದನ್ನು ಮತ್ತೆ ಓಡಿಸಲು ಹೊರಟಿದ್ದಾನೆ. ಮೊದಲು ಎಂಜಿನ್, ಆಮೇಲೆ ಬಾಡಿ. ದಿನದಿನದ ಕೆಲಸವನ್ನು ಕನ್ನಡದಲ್ಲಿ ಬರೆದಿಡುವುದು ನನ್ನ ಪಾಲಿಗೆ ಬಂದಿದೆ.

ಆರು ಸಿಲಿಂಡರಿನ ಡೀಸೆಲ್ ಎಂಜಿನ್. ಒಂದೊಂದು ಸಿಲಿಂಡರಿನ ಬಾಯಿ 90 ಮಿಲಿಮೀಟರ್, ಪಿಸ್ಟನ್ ಓಡಾಟ 120 ಮಿಲಿಮೀಟರ್. ಎಲ್ಲ ಸೇರಿ ಸುಮಾರು 4.6 ಲೀಟರ್. ನಾವು ನೋಡಿದಾಗ ಎರಡು ಪಿಸ್ಟನ್ ಹಿಡಿದುಕೊಂಡಿದ್ದವು. ಮೇಲಿಂದ ಡೀಸೆಲ್ ಸುರಿದು ನಾಲ್ಕು ದಿನ ನೆನೆಹಾಕಿ, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದ ಮೇಲೆ ಬಿಟ್ಟವು.

ಬರೆಯಲು ಕೂತಾಗ ಖುಷಿ ಕೊಟ್ಟ ಸಂಗತಿ ಒಂದು. ಭಾಗಗಳ ಹೆಸರೆಲ್ಲ ಇಂಗ್ಲಿಷಿನವು. ಹೆಡ್, ಲೈನರ್, ರಿಂಗ್, ಕ್ರ್ಯಾಂಕ್, ನಾಝಲ್. ಅವನ್ನು ಬದಲಿಸುವ ಆಸೆ ನನಗಿಲ್ಲ. ಆದರೆ ಕೆಲಸದ ಮಾತೆಲ್ಲ ಅಪ್ಪಟ ಕನ್ನಡ. ಎಂಜಿನ್ ಇಳಿಸಿದರು. ಹೆಡ್ ಎತ್ತಿದರು. ಬ್ಲಾಕ್ ಕುದಿಸಿದರು. ಕ್ರ್ಯಾಂಕ್ ಕೂರಿಸಿದರು. ‘ಕುದಿಸುವುದು’ ಅಂದರೆ ನಿಜವಾಗಿಯೂ ಕುದಿಸುವುದೇ. ಡ್ರಮ್ಮಿನಲ್ಲಿ ನೀರಿಗೆ ಕಾಸ್ಟಿಕ್ ಸೋಡಾ ಹಾಕಿ ಕೆಳಗೆ ಬೆಂಕಿ ಹಾಕುತ್ತಾರೆ. ವರ್ಷಗಟ್ಟಲೆ ಕಟ್ಟಿದ ಜಿಡ್ಡು, ಹಳೇ ಬಣ್ಣ ಎಲ್ಲ ಬಿಟ್ಟುಕೊಳ್ಳುತ್ತದೆ. ಬೀಡು ಕಬ್ಬಿಣದ ಬ್ಲಾಕಿಗೆ ಏನೂ ಆಗುವುದಿಲ್ಲ. ಅಲ್ಯೂಮಿನಿಯಂ ಸಾಮಾನು ಮಾತ್ರ ಅದರಲ್ಲಿ ಹಾಕಬಾರದು, ಸೋಡಾ ಅದನ್ನು ತಿಂದುಬಿಡುತ್ತದೆ. ‘ತಿಂದುಬಿಡುತ್ತದೆ’ ಎಂಬುದೂ ಎಂಜಿನ್ ಕೆಲಸದ ಮೇಸ್ತ್ರಿಯವರದೇ ಮಾತು.

ಇನ್ನೊಂದು ಬಳಕೆಯನ್ನು ನಿಮ್ಮ ಮುಂದಿಡಬೇಕು. ಸಿಲಿಂಡರ್ ಸವೆದರೆ ಅದನ್ನು ಕೊರೆಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಬೇಕು ಅಲ್ವಾ? ಆಗ ‘ಎಂಜಿನ್ ಬೋರಿಗೆ ಬಂದಿದೆ’ ಅನ್ನುತ್ತಾರೆ. ಈ ‘ಗೆ ಬಂದಿದೆ’ ನೋಡಿ. ಕಾಫಿ ಕೊಯ್ಲಿಗೆ ಬಂದಿದೆ, ಮಗಳು ಮದುವೆಗೆ ಬಂದಿದ್ದಾಳೆ ಅನ್ನುವಾಗ ಇರುವುದೂ ಇದೇ. ಹೊತ್ತು ಕೂಡಿಬಂತು, ಇನ್ನು ಮುಂದೂಡುವ ಹಾಗಿಲ್ಲ ಎಂಬ ಅರ್ಥ. ಇಂಗ್ಲಿಷಿನ ಒಂದು ತುಂಡು ಮಾತನ್ನು ಕನ್ನಡ ಎಷ್ಟು ಸಲೀಸಾಗಿ ತನ್ನ ಹೊಲಕ್ಕೆ ತಂದುಕೊಂಡಿದೆ! ಅದೇ ‘ಬೋರು’ ನೀರಿನದಾದರೆ ‘ಹಾಕಿಸು’, ‘ಕೊರೆಸು’. ಎಂಜಿನದಾದರೆ ‘ಮಾಡಿಸು’. ಬೇಸರದ್ದಾದರೆ ‘ಆಗು’, ‘ಹೊಡೆ’. ಪಕ್ಕದ ಕ್ರಿಯಾಪದ ಕೇಳಿದರೆ ಸಾಕು, ಯಾವ ಬೋರು ಅಂತ ತಿಳಿಯುತ್ತದೆ.

ಈಗ ನನ್ನ ಪ್ರಶ್ನೆ. ಬಿಡಿಬಿಡಿ ಕೆಲಸಗಳಿಗೆ ಮಾತುಗಳಿವೆ. ಇಡೀ ಕೆಲಸಕ್ಕೆ ಏನನ್ನುವುದು? ಎಂಜಿನ್ ಪೂರ್ತಿ ಬಿಚ್ಚಿ, ತೊಳೆದು, ಅಳೆದು, ಸವೆದದ್ದನ್ನು ಬದಲಿಸಿ, ಚೆನ್ನಾಗಿರುವುದನ್ನು ಉಳಿಸಿಕೊಂಡು, ಮತ್ತೆ ಜೋಡಿಸಿ ಬಣ್ಣ ಹೊಡೆಯುವ ಕೆಲಸ.

‘ರಿಪೇರಿ’, ‘ದುರಸ್ತಿ’ ಅಂದರೆ ಕೆಟ್ಟ ಒಂದು ಜಾಗವನ್ನು ಸರಿ ಮಾಡಿದಂತೆ ಆಗುತ್ತದೆ. ‘ನವೀಕರಣ’ ಅಂದರೆ ಲೈಸೆನ್ಸ್ ನೆನಪಾಗುತ್ತದೆ. ‘ಪುನಶ್ಚೇತನ’ ಕೆರೆಗಳಿಗೂ ಮುಚ್ಚಿದ ಕಾರ್ಖಾನೆಗಳಿಗೂ ಪತ್ರಿಕೆಯವರು ಬಳಸುವ ಮಾತು. ‘ಜೀರ್ಣೋದ್ಧಾರ’ ಅರ್ಥದಲ್ಲಿ ಹತ್ತಿರ ಇದೆ, ಆದರೆ ಅದು ದೇವಸ್ಥಾನದ್ದು. ಗ್ರೀಸ್ ಮೆತ್ತಿದ ಕೈಯವರು ಆಡುವ ಮಾತಲ್ಲ.

ಗ್ಯಾರೇಜಿನಲ್ಲಿ ಇದಕ್ಕೆ ‘ಓವರಾಯಿಲ್’ ಅನ್ನುತ್ತಾರೆ. ಇಂಗ್ಲಿಷಿನ ‘ಓವರ್‌ಹಾಲ್’ ಹೀಗಾಗಿದೆ. ಎಂಜಿನ್ ಕೆಲಸ ಅಂದರೆ ಎಣ್ಣೆಯ ಕೆಲಸ ತಾನೇ? ಅದಕ್ಕೇ ಕಿವಿ ಅದರಲ್ಲಿ ‘ಆಯಿಲ್’ ಕೇಳಿಸಿಕೊಂಡಿದೆ. ಇದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ, ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಕ್ಕೆ ಹೊಂದಿಸಿಕೊಳ್ಳುವುದು ಎಲ್ಲ ಭಾಷೆಯಲ್ಲೂ ಉಂಟು. ಆದರೆ ‘ಓವರ್‌ಹಾಲ್’ ಎಲ್ಲಿಂದ ಬಂತು ಅಂತ ಹುಡುಕಿದಾಗ ನನಗೆ ದಾರಿ ಕಂಡಿತು. ಅದು ಮೂಲದಲ್ಲಿ ಹಡಗಿನವರ ಮಾತು. ರಾಟೆಗೆ ಸುತ್ತಿದ ಹಗ್ಗವನ್ನು ಹಿಂದಕ್ಕೆಳೆದು ಸಡಿಲಿಸುವುದಕ್ಕೆ ಹಾಗೆ ಹೇಳುತ್ತಿದ್ದರು. ಆಮೇಲೆ ಪೂರ್ತಿ ಬಿಚ್ಚಿ ಪರೀಕ್ಷಿಸುವುದಕ್ಕೆಲ್ಲ ಅದೇ ಮಾತಾಯಿತು. ಅಂದರೆ ಎಂಜಿನ್ ಬಂದಾಗ ಇಂಗ್ಲಿಷಿನವರು ಹೊಸ ಪದ ಕಟ್ಟಲಿಲ್ಲ, ಗೊತ್ತಿದ್ದ ಕಸುಬಿನಿಂದ ತಂದುಕೊಂಡರು. ನಾವೂ ಹಾಗೆ ತರಬಹುದಲ್ಲ?

ಎಲ್ಲಿಂದ ಅನ್ನುವುದನ್ನು ದೊಡ್ಡಮ್ಮ ತೋರಿಸಿದರು. ಅಂಗಳದಲ್ಲಿ ಟಾರ್ಪಾಲಿನ ಮೇಲೆ ಎಂಜಿನ್ನಿನ ಸಾಮಾನೆಲ್ಲ ಸಾಲಾಗಿ ಹರಡಿತ್ತು. ವಾಲ್ವುಗಳನ್ನು ಯಾವ ಸಿಲಿಂಡರಿನದು ಅಂತ ಗುರುತು ಹಾಕಿ ಜೋಡಿಸಿಟ್ಟಿದ್ದರು. ದೊಡ್ಡಮ್ಮ ಜಗಲಿಯಿಂದ ನೋಡಿ, “ಹೆಂಚು ಕೈಯಾಡಿಸ್ದಂಗೆ ಆಯ್ತಲ್ಲ ಮಗಾ” ಅಂದರು.

ಬಯಲುಸೀಮೆಯವರಿಗೆ ಈ ಮಾತು ಹೊಸದಿರಬಹುದು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚನ್ನು ತೆಗೆದು, ಪಾಚಿ ಉಜ್ಜಿ, ಒಡೆದದ್ದನ್ನು ಬದಲಿಸಿ, ಗೆದ್ದಲು ಹಿಡಿದ ರೀಪು ತೆಗೆದು, ಮತ್ತೆ ಅದೇ ಸಾಲಿನಲ್ಲಿ ಹೊದಿಸುತ್ತಾರೆ. ಇದಕ್ಕೆ ‘ಹೆಂಚು ಕೈಯಾಡಿಸುವುದು’ ಅನ್ನುತ್ತಾರೆ. ಒಂದೊಂದು ಹೆಂಚೂ ಒಮ್ಮೆ ಕೈಗೆ ಬಂದು ಹೋಗುತ್ತದೆ. ಮನೆ ಹೊಸದಾಗುವುದಿಲ್ಲ, ಅದೇ ಮನೆ ಇನ್ನಷ್ಟು ಮಳೆ ತಡೆಯುತ್ತದೆ. ನಾವು ಎಂಜಿನ್ನಿಗೆ ಮಾಡಿದ್ದು ಇದನ್ನೇ. ಆ ಹೆಂಚನ್ನು ಘಾಟಿ ಹತ್ತಿಸಿದ ಲಾರಿಗೆ ಈ ಮಾತು ಒಪ್ಪುತ್ತದೆ ಅಂತ ನನಗೆ ಬಹಳ ಅನಿಸಿದೆ.

ತೊಡಕೂ ಇದೆ. ‘ಕೈಯಾಡಿಸು’ ಅಂದರೆ ಸುಮ್ನೆ ಕೈ ಹಾಕಿ ನೋಡುವುದು ಎಂಬ ಅರ್ಥವೂ ಉಂಟು. ಕಥೆ, ಕವಿತೆ, ರಾಜಕೀಯ ಎಲ್ಲದರಲ್ಲೂ ಕೈಯಾಡಿಸಿದವರು ಅನ್ನುತ್ತೇವೆ. ಒಲೆಯ ಮೇಲಿನ ಪಾಯಸ ಸೀದುಹೋಗದಂತೆ ಕೈಯಾಡಿಸುತ್ತೇವೆ. ‘ಎಂಜಿನ್ನಿನಲ್ಲಿ ಕೈಯಾಡಿಸಿದರು’ ಅಂದರೆ ಯಾರೋ ಗೊತ್ತಿಲ್ಲದವರು ಕೆಡಿಸಿದರು ಅಂತ ಕೇಳಿಸೀತು. ಆದರೆ ‘ಎಂಜಿನ್ ಕೈಯಾಡಿಸಿದರು’ ಅಂದರೆ? ‘ಅಲ್ಲಿ’ ಪ್ರತ್ಯಯ ಬಿಟ್ಟರೆ ಅರ್ಥ ನೇರವಾಗಿ ಹೆಂಚಿನ ಕೆಲಸದ ಕಡೆ ತಿರುಗುತ್ತದೆ ಅಂತ ನನಗೆ ತೋರುತ್ತದೆ. ನಿಮ್ಮ ಕಿವಿಗೆ ಹೇಗಿದೆ?

ಇನ್ನೊಂದು ಆಯ್ಕೆ ‘ಬಿಚ್ಚಿ ಕಟ್ಟುವುದು’. ಲಾರಿಗೆ ಬಾಡಿ ಕಟ್ಟುವುದು ಆಗಲೇ ಬಳಕೆಯಲ್ಲಿದೆ. ಅರ್ಥ ಬೇಗ ಆಗುತ್ತದೆ. ಆದರೆ ತೊಳೆಯುವುದು, ಅಳೆಯುವುದು, ಬದಲಿಸುವುದು ಇದರೊಳಗೆ ಬರಲಿಲ್ಲ. ಬಿಚ್ಚಿ ಹಾಗೇ ಕಟ್ಟಿದರೂ ಅದು ‘ಬಿಚ್ಚಿ ಕಟ್ಟಿದ್ದೇ’.

ಬಣ್ಣದ್ದೂ ಒಂದು ಸಣ್ಣ ಪ್ರಶ್ನೆ. ಬಳಿ, ಹಚ್ಚು, ಹೊಡೆ. ನಮ್ಮ ಮೇಸ್ತ್ರಿಯವರು, “ಬ್ಲಾಕಿಗೆ ಬಳೀಬಾರ್ದು, ಹೊಡೀಬೇಕು” ಅಂತ ತಿದ್ದಿದರು. ಅವರ ಲೆಕ್ಕದಲ್ಲಿ ಬ್ರಷ್ಷಿನಲ್ಲಿ ಬಳಿಯುವುದು, ಸ್ಪ್ರೇ ಗನ್ನಿನಲ್ಲಿ ಹೊಡೆಯುವುದು. ಬಳಿದರೆ ಬಣ್ಣ ದಪ್ಪ ಕೂರುತ್ತದೆ, ಬಿಸಿಗೆ ಏಳುತ್ತದೆ. ಹೊಡೆದರೆ ತೆಳ್ಳಗೆ ಎರಡು ಮೂರು ಸಲ ಕೊಡಬಹುದು. ಗ್ಯಾಸ್ಕೆಟ್ ಕೂರುವ ಜಾಗಕ್ಕೆಲ್ಲ ಟೇಪ್ ಹಾಕಿ, ಪ್ರೈಮರ್ ಕೊಟ್ಟು, ಬೂದು ಹಸಿರು ಹೊಡೆದೆವು. ಹೊಗೆ ಹೋಗುವ ಮ್ಯಾನಿಫೋಲ್ಡಿಗೆ ಮಾತ್ರ ಬಿಸಿ ತಡೆಯುವ ಬೇರೆ ಬಣ್ಣ. ಅಲ್ಲಿನ ಶಾಖಕ್ಕೆ ಮಾಮೂಲಿ ಎನಾಮಲ್ ಸುಟ್ಟು ಉದುರುತ್ತದೆ. ಈ ಬಳಿ–ಹೊಡೆ ವ್ಯತ್ಯಾಸ ನಿಮ್ಮ ಕಡೆಯೂ ಇದೆಯೇ? ‘ಸುಣ್ಣ ಹೊಡೆದರು’ ಅನ್ನುವುದೂ ಉಂಟಲ್ಲ, ಅದು ಬ್ರಷ್ಷಿನ ಕೆಲಸವೇ. ಧಾರವಾಡದ ಕಡೆಯವರು ‘ಹಚ್ಚು’ ಜಾಸ್ತಿ ಬಳಸುವುದನ್ನು ಕೇಳಿದ್ದೇನೆ. ಗನ್ನಿನಲ್ಲಿ ಹೊಡೆದಾಗಲೂ ಅಲ್ಲಿ ‘ಹಚ್ಚಿದರು’ ಅನ್ನುತ್ತಾರಾ?

ಕ್ಯಾಬಿನ್ನಿನ ಒಳಬದಿಗೆ ಒಂದು ಪುಟ್ಟ ತಗಡಿನ ಫಲಕ ಹಾಕಬೇಕೆಂದಿದ್ದೇವೆ. ಲಾರಿಯ ವರ್ಷ, ದೊಡ್ಡಪ್ಪನ ಹೆಸರು, ಕೆಲಸ ಮಾಡಿದವರ ಹೆಸರು. ಆ ಸಾಲಿನ ಕೊನೆಗೆ ‘ಎಂಜಿನ್ ಕೈಯಾಡಿಸಿದವರು’ ಅಂತ ಬರೆಸಲೋ, ‘ಬಿಚ್ಚಿ ಕಟ್ಟಿದವರು’ ಅಂತ ಬರೆಸಲೋ? ಮಂಗಳೂರು, ಸಾಗರ, ಕೊಡಗಿನ ಕಡೆ ಹೆಂಚಿನ ಕೆಲಸಕ್ಕೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ. ಬರೆಯುವವರು ಮುಂದಿನ ಭಾನುವಾರ ಬರುತ್ತಾರೆ.