ಅಪ್‌ಡೇಟ್: ಡಿವಿಎಂ ಅರ್ಜಿಗೆ ನನ್ನ ಸಿಬಿಝಡ್ ಡಿಗ್ರಿ ಸಾಕಾಯ್ತಾ?

ಹೋದ ವರ್ಷ ಕೇಳಿದ್ದೆ: ಮೈಸೂರಲ್ಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಬಿಎಸ್ಸಿ ಮಾಡಿ ಕ್ಯಾಲಿಫೋರ್ನಿಯಾಗೆ ಬಂದಿದ್ದೇನೆ, ಇಲ್ಲಿ ಡಿವಿಎಂ ಅನ್ನೋ ಪಶುವೈದ್ಯ ಕೋರ್ಸಿಗೆ ಅರ್ಜಿ ಹಾಕಿದರೆ ಹಳೇ ವಿಷಯಗಳು ಲೆಕ್ಕಕ್ಕೆ ಬರುತ್ತವಾ ಅಂತ. ಅರ್ಧ ಬಂದವು, ಅರ್ಧ ಬರಲಿಲ್ಲ.

ಮೊದಲು ಸರ್ಟಿಫಿಕೇಟುಗಳನ್ನು, ಬೇರೆ ದೇಶದ ಡಿಗ್ರಿ ಇಲ್ಲಿನ ಯಾವುದಕ್ಕೆ ಸಮ ಅಂತ ನೋಡಿ ಹೇಳುವ ಡಬ್ಲ್ಯೂಇಎಸ್ ಸಂಸ್ಥೆಯಲ್ಲಿ ಮೌಲ್ಯಮಾಪನ ಮಾಡಿಸಿದೆ. ಆಮೇಲೆ ನಾಲ್ಕು ಕಾಲೇಜಿಗೆ ಮೇಲ್ ಬರೆದೆ. ಎಲ್ಲರೂ ಸಿಲಬಸ್ ಕೇಳಿದರು. ಅಮ್ಮ ಅಟ್ಟದ ಟ್ರಂಕಿನಿಂದ ನನ್ನ ಹಳೇ ಸಿಲಬಸ್ ಪುಸ್ತಕ ತೆಗೆದು, ಗೆದ್ದಲು ತಿಂದ ಮೂಲೆಗಳನ್ನು ಬೆರಳಲ್ಲಿ ಒತ್ತಿ ಹಿಡಿದು, ಒಂದೊಂದೇ ಪುಟದ ಫೋಟೋ ವಾಟ್ಸಾಪಲ್ಲಿ ಕಳಿಸಿದರು. ಆ ಫೋಟೋಗಳಿಂದಲೇ ಆರ್ಗ್ಯಾನಿಕ್ ಕೆಮಿಸ್ಟ್ರಿ, ಜೆನೆಟಿಕ್ಸ್ ಎರಡೂ ಉಳಿದವು.

ಫಿಸಿಕ್ಸ್ ಮಾತ್ರ ಹೋಯ್ತು. ಸಿಬಿಝಡ್‌ನಲ್ಲಿ ಅದು ಇರೋದೇ ಇಲ್ಲ ಅಲ್ವಾ, ಪಿಯುಸಿದು ಹೈಸ್ಕೂಲ್ ಮಟ್ಟ ಅಂದರು. ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್ ಎರಡನ್ನೂ ಮನೆ ಹತ್ತಿರದ ಕಮ್ಯೂನಿಟಿ ಕಾಲೇಜಲ್ಲಿ (ಮುಖ್ಯವಾಗಿ ಎರಡು ವರ್ಷದ ಕೋರ್ಸುಗಳ ಸ್ಥಳೀಯ ಕಾಲೇಜು) ಸಂಜೆ ಓದಿದೆ. ಬಯೋಕೆಮಿಸ್ಟ್ರಿಯೂ ಅಲ್ಲೇ ಮುಗಿಸೋಣ ಅಂತಿದ್ದೆ, ಆದರೆ ಒಂದು ಕಾಲೇಜು ಅದು ಅಪ್ಪರ್ ಡಿವಿಷನ್ ಆಗಿರಲೇಬೇಕು, ಅಂದರೆ ನಾಲ್ಕು ವರ್ಷದ ವಿಶ್ವವಿದ್ಯಾಲಯದ್ದೇ ಬೇಕು ಅಂತ ಖಡಾಖಂಡಿತವಾಗಿ ಹೇಳಿತು. ಫೀಸು ಕಟ್ಟೋ ಮುಂಚೆ ಕೇಳಿದ್ದು ಎಷ್ಟು ಒಳ್ಳೇದಾಯ್ತು!

ನೀವೂ ಇದೇ ದಾರಿಯಲ್ಲಿದ್ದರೆ ಫೋನಲ್ಲಿ ಕೇಳಬೇಡಿ, ಉತ್ತರ ಬರಹದಲ್ಲೇ ಇರಲಿ. ಒಂದು ಕಾಲೇಜು ಒಪ್ಪಿದ್ದನ್ನು ಇನ್ನೊಂದು ಒಪ್ಪಬೇಕು ಅಂತೇನಿಲ್ಲ. ಕೆಲವು ಕಡೆ ವಿಜ್ಞಾನದ ವಿಷಯಗಳು ತುಂಬಾ ಹಳೇದಾಗಿದ್ದರೆ ತೆಗೆದುಕೊಳ್ಳಲ್ಲ.

ಹಲವು ಪಶುವೈದ್ಯ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವಿಎಂಕ್ಯಾಸ್‌ನಲ್ಲಿ ನನ್ನ ಅರ್ಜಿ ಮೊನ್ನೆ ರಾತ್ರಿ ಕಳಿಸಿದೆ. ಬಯೋಕೆಮಿಸ್ಟ್ರಿ ಇನ್ನೂ ನಡೀತಿದೆ, ನಾಳೆ ಎಂಜೈಮ್ ಟೆಸ್ಟ್ ಇದೆ. ಅವತ್ತು ಸಿಲಬಸ್ ಹುಡುಕಿಸು ಅಂದವರಿಗೆ ತುಂಬಾ ಥ್ಯಾಂಕ್ಸ್.