ಸಹಾಯ ಬೇಕು: ನೆರೆ ಇಳಿದಿದೆ, ಬಾವಿ ಮತ್ತು ಕರೆಂಟಿನ ಬಗ್ಗೆ ತಿಳಿದವರು ಹೇಳಿ

ಎಲ್ಲರಿಗೂ ನಮಸ್ಕಾರ. ಎರಡು ದಿನ ಮನೆಯೊಳಗೆ ಮೊಣಕಾಲುದ್ದ ನಿಂತಿದ್ದ ನೀರು ನಿನ್ನೆ ರಾತ್ರಿ ಇಳಿಯಿತು. ನಾವೆಲ್ಲ ಮಹಡಿ ಮೇಲಿದ್ದೆವು, ಕ್ಷೇಮ. ಕೆಳಗೆ ಮಾತ್ರ ಪಾದ ಮುಳುಗುವಷ್ಟು ಕೆಸರು, ಆ ವಾಸನೆಯಂತೂ ಹೇಳತೀರದು.

ಮುಖ್ಯ ಚಿಂತೆ ಬಾವಿಯದು. ಪಕ್ಕದ ಶೌಚಗುಂಡಿಯೂ ಮುಳುಗಿತ್ತು, ಹಾಗಾಗಿ ಆ ನೀರು ಮುಟ್ಟುತ್ತಿಲ್ಲ. 1000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್ ಅನ್ನುವುದು ಮಾಮೂಲಿ ದಿನಗಳ ಲೆಕ್ಕ. ನೆರೆ ನುಗ್ಗಿದ ಬಾವಿಗೆ ಅದು ಸಾಲದು ಅಲ್ಲವೇ? ಮೊದಲು ನೀರನ್ನೆಲ್ಲ ಪೂರ್ತಿ ತೋಡಿಸಬೇಕೋ, ಪೌಡರ್ ಹಾಕಿ ಆಮೇಲೆ ತೋಡಿಸಬೇಕೋ? ಸ್ವತಃ ಮಾಡಿದವರು ಹೇಳಿ. ಸುತ್ತಲಿನ ಮಣ್ಣೇ ನೆನೆದಿರುವಾಗ ಒಮ್ಮೆಲೇ ಖಾಲಿ ಮಾಡಿದರೆ ಬಾವಿಯ ಗೋಡೆ ಕುಸಿದೀತೆಂಬ ಭಯವೂ ಇದೆ.

ಮೇನ್ ಸ್ವಿಚ್ ನೀರು ಬರುವ ಮೊದಲೇ ತೆಗೆದಿದ್ದೆ. ಕೆಳಗಿನ ಪ್ಲಗ್‌ಗಳೆಲ್ಲ ಮುಳುಗಿದ್ದವು. "ಒಣಗಿದೆಯಲ್ಲ, ಹಾಕಿ ನೋಡು" ಅನ್ನುತ್ತಾರೆ ನೆಂಟರು. ನನಗೆ ಧೈರ್ಯವಿಲ್ಲ, ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಮುಟ್ಟುವುದಿಲ್ಲ. ಅವರೋ ಊರಿಡೀ ಓಡಾಡುತ್ತಿದ್ದಾರೆ, ನಮ್ಮ ಸರದಿ ಯಾವಾಗಲೋ.

ಇನ್ನೊಂದು, ಮನೆಪತ್ರಗಳ ಕಟ್ಟು ನೆನೆದು ಹಾಳೆಗಳು ಅಂಟಿಕೊಂಡಿವೆ. ಎಳೆದರೆ ಹರಿಯುತ್ತವೆ. ಬಿಸಿಲಿಲ್ಲ. ಬೂಷ್ಟು ಹಿಡಿಯುವ ಮೊದಲು ಬಿಡಿಸುವ ಉಪಾಯ ಗೊತ್ತಿದ್ದವರು ದಯವಿಟ್ಟು ಬೇಗ ತಿಳಿಸಿ. ಮೊಬೈಲಿನಲ್ಲಿ ಚಾರ್ಜ್ ಕಡಿಮೆ, ಉತ್ತರ ತಡವಾದರೆ ಬೇಸರಿಸಬೇಡಿ.